ಕೆಂಪುಕಲ್ಲಿನ ನೆಲ, ಮುಚ್ಚಿದ ಕಿಟಕಿ: ರೇಡಾನ್ ಬಗ್ಗೆ ಓದುಗರ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ಗುಡ್ಡ ಕಡಿದು ಮನೆ ಕಟ್ಟಿದ್ದೇವೆ. ಹಿಂದಿನ ಎರಡು ಕೋಣೆಗಳ ಗೋಡೆ ಬರೆಗೇ (ಕಡಿದ ಗುಡ್ಡದ ಮೈಗೇ) ತಾಗಿಕೊಂಡಿದೆ. ನೆಲದಿಂದ ರೇಡಾನ್ ಎಂಬ ಅನಿಲ ಬರುತ್ತದೆ, ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಆಗುತ್ತದೆ ಎಂದು ಮಗಳು ಓದಿ ಹೇಳಿದಳು. ಕೆಂಪುಕಲ್ಲಿನ ಗೋಡೆ ಒಡೆಸಬೇಕೇ? (ಪೆರ್ಲ)

ಉತ್ತರ: ಗೋಡೆ ಮುಟ್ಟಬೇಡಿ. ಮಗಳು ಹೇಳಿದ್ದು ಸುಳ್ಳಲ್ಲ, ಆದರೆ ಮೊದಲು ನೋಡಬೇಕಾದದ್ದು ಗೋಡೆಯನ್ನಲ್ಲ, ನೆಲವನ್ನು. ಎಲ್ಲ ಮಣ್ಣಿನಲ್ಲೂ ಬಂಡೆಯಲ್ಲೂ ಚೂರು ಯುರೇನಿಯಂ ಇರುತ್ತದೆ. ಅದು ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂ ರೇಡಾನ್ ಆಗುತ್ತದೆ. ಅಷ್ಟು ಹೊತ್ತು ಕಲ್ಲಿನೊಳಗೆ ಕೂತಿದ್ದದ್ದು ಈ ಹಂತದಲ್ಲಿ ಅನಿಲವಾಗುವುದರಿಂದ ಮಣ್ಣಿನ ಸಂದುಗಳಲ್ಲಿ ಓಡಾಡತೊಡಗುತ್ತದೆ. ನಮ್ಮ ಕೆಂಪುಕಲ್ಲು ತೂತುತೂತಾದ ಕಲ್ಲು. ನೀರು ಇಳಿದ ಹಾಗೆ ಗಾಳಿಯೂ ಅದರಲ್ಲಿ ಓಡಾಡುತ್ತದೆ. ನೆಲದ ಬಿರುಕು, ಗೋಡೆ ಮತ್ತು ನೆಲ ಸೇರುವ ಮೂಲೆ, ಪೈಪು ಹಾಯ್ದ ತೂತು ಇವು ಅದರ ದಾರಿಗಳು. ಬರೆಗೆ ತಾಗಿದ ಗೋಡೆ ಇದ್ದರೆ ಅದು ನಿಂತಿರುವ ಇನ್ನೊಂದು ನೆಲವಿದ್ದ ಹಾಗೆ.

ಉಸಿರಾಡಿದ ರೇಡಾನ್ ಬಹುಪಾಲು ಉಸಿರಿನ ಜೊತೆಗೇ ಹೊರಹೋಗುತ್ತದೆ. ತೊಂದರೆ ಅದರ ಮಕ್ಕಳಿಂದ. ರೇಡಾನ್ ಕ್ಷಯಿಸಿ ಹುಟ್ಟುವ ಪೊಲೋನಿಯಂನಂಥ ಘನ ಕಣಗಳು ಧೂಳಿಗೂ ಹೊಗೆಗೂ ಅಂಟಿಕೊಂಡು ಶ್ವಾಸನಾಳದ ಒಳಪದರದಲ್ಲಿ ಕೂರುತ್ತವೆ. ಅಲ್ಲಿಂದ ಹೊರಡುವ ಆಲ್ಫಾ ಕಣ ಹತ್ತಿರದ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. 1988ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಾನನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಬಯಲಿನ ಒಂದು ಘನ ಮೀಟರ್ ಗಾಳಿಯಲ್ಲಿ ಸಾಮಾನ್ಯವಾಗಿ 5ರಿಂದ 15 ಬೆಕೆರೆಲ್ ಇರುತ್ತದೆ. ಮನೆಯೊಳಗೆ 100ರ ಒಳಗೆ ಇರಲಿ, ಅದು ಸಾಧ್ಯವಾಗದ ಕಡೆಯೂ 300 ದಾಟದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಮಾತು. ಹಳೆಯ ಹಂಚಿನ ಮನೆಯಲ್ಲಿ ಮಾಡಿನ ಸಂದಿನಿಂದಲೇ ಗಾಳಿ ಆಡುತ್ತಿತ್ತು. ತಾರಸಿ ಮನೆಗೆ ಅಲ್ಯುಮಿನಿಯಂ ಜಾರುಕಿಟಕಿ ಹಾಕಿ, ಗಾಳಿಕಂಡಿ ಮುಚ್ಚಿ, ಎಸಿ ಇಟ್ಟಾಗ ಅದೇ ನೆಲದ ಅನಿಲ ಒಳಗೇ ಉಳಿಯುತ್ತದೆ. ನಿಮ್ಮ ಹಿಂದಿನ ಕೋಣೆಗಳಲ್ಲಿ ಯಾರಾದರೂ ಮಲಗುವುದಾದರೆ ಮೊದಲು ಅಳತೆ ಮಾಡಿಸಿ, ಆಮೇಲೆ ಖರ್ಚಿನ ಮಾತು.

ಪ್ರಶ್ನೆ: ಮಾವನವರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾರೆ. “ಕ್ಯಾನ್ಸರ್ ನೆಲದಿಂದಲೇ ಬರುವುದಾದರೆ ಬೀಡಿ ಬಿಟ್ಟು ಏನು ಪ್ರಯೋಜನ” ಎನ್ನುತ್ತಾರೆ. ಏನು ಹೇಳಲಿ? (ಬದಿಯಡ್ಕ)

ಉತ್ತರ: ಲೆಕ್ಕ ಅವರ ಮಾತಿಗೆ ಪೂರ್ತಿ ಎದುರು ಇದೆ ಎಂದು ಹೇಳಿ. ಯೂರೋಪಿನ 13 ಅಧ್ಯಯನಗಳನ್ನು ಒಟ್ಟು ಮಾಡಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದೀರ್ಘಕಾಲದ ಸರಾಸರಿ 100 ಬೆಕೆರೆಲ್ ಹೆಚ್ಚಿದಾಗೆಲ್ಲ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇ. 16 ಏರುತ್ತದೆ. ಆದರೆ ಯಾವುದರ ಶೇ. 16? ಜೀವಮಾನದಲ್ಲಿ ಸೇದದೇ ಇದ್ದ ಸಾವಿರ ಜನರಲ್ಲಿ 75ನೇ ವಯಸ್ಸಿನೊಳಗೆ ಈ ಕ್ಯಾನ್ಸರಿಗೆ ಬಲಿಯಾಗುವವರು ರೇಡಾನ್ ಇಲ್ಲದಿದ್ದರೆ ಸುಮಾರು 4, ಮನೆಯಲ್ಲಿ 100 ಬೆಕೆರೆಲ್ ಇದ್ದರೆ 5, 400 ಇದ್ದರೆ 7. ಸಿಗರೇಟು ಸೇದುತ್ತಲೇ ಇರುವ ಸಾವಿರ ಜನರಲ್ಲಿ ಇದೇ ಅಂಕಿಗಳು 100, 120 ಮತ್ತು 160. ಅಂದರೆ ರೇಡಾನ್ ಹೆಚ್ಚಿರುವ ಮನೆಯಲ್ಲಿ ಸೇದದವರ ಅಪಾಯಕ್ಕಿಂತ, ರೇಡಾನೇ ಇಲ್ಲದ ಮನೆಯಲ್ಲಿ ಸೇದುವವರ ಅಪಾಯ ಎಷ್ಟೋ ಪಟ್ಟು ದೊಡ್ಡದು. ಎರಡೂ ಒಂದೇ ಎದೆಯಲ್ಲಿ ಸೇರಿದರೆ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತವೆ. ಬೀಡಿಯೆಂದು ಸಿಗರೇಟಿಗಿಂತ ರಿಯಾಯಿತಿ ಏನೂ ಇಲ್ಲ. ಮಾವನವರು ಚಾವಡಿಯಲ್ಲಿ ಕೂತು ಸೇದಿದರೆ ಆ ಹೊಗೆಯ ಕಣಗಳಿಗೆ ರೇಡಾನಿನ ಮಕ್ಕಳು ಅಂಟಿಕೊಂಡು ಮನೆಯ ಉಳಿದವರ ಉಸಿರಿಗೂ ಬರುತ್ತವೆ.

ನೆಲ ಸರಿಮಾಡುವುದಕ್ಕೆ ಮುಂಚೆ ಬೀಡಿ ನಿಲ್ಲಲಿ. ಖರ್ಚೂ ಇಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ರೇಡಾನ್ ಮೀಟರ್ ತರಿಸಿ ಮಲಗುವ ಕೋಣೆಯ ಗೋಡೆಗೆ ನೇತುಹಾಕಿದ್ದೇನೆ. ಹಗಲು 60 ಆಸುಪಾಸು, ರಾತ್ರಿ ಎಸಿ ಹಾಕಿ ಮಲಗಿದಾಗ 310ರವರೆಗೆ ತೋರಿಸುತ್ತದೆ. ಮೀಟರ್ ಹಾಳಾಗಿದೆಯೇ? ಪಕ್ಕದ ಮನೆಯಲ್ಲಿ 40 ಮಾತ್ರ. (ಉಪ್ಪಳ)

ಉತ್ತರ: ಹಾಳಾಗಿರಲಾರದು, ನೇತುಹಾಕಿದ ಜಾಗ ತಪ್ಪಾಗಿದೆ. ಗೋಡೆಯಿಂದ ಕನಿಷ್ಠ 30 ಸೆಂಟಿಮೀಟರ್, ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ, ನೆಲದಿಂದ ಒಂದು ಮೀಟರಿಗಿಂತ ಎತ್ತರದ ಸ್ಟೂಲಿನ ಮೇಲೆ ಇಡಿ. ಯುರೇನಿಯಂನ ಹಾಗೆಯೇ ಕಲ್ಲುಮಣ್ಣಿನಲ್ಲಿರುವ ಥೋರಿಯಂನಿಂದ ಹುಟ್ಟುವ ಥೋರಾನ್ ಎಂಬ ಅನಿಲದ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಹೊತ್ತು) 55 ಸೆಕೆಂಡಿನಷ್ಟೇ. ಗೋಡೆಯಿಂದ ಹೊರಟದ್ದು ಕೋಣೆಯ ಮಧ್ಯ ತಲುಪುವ ಮೊದಲೇ ಮುಗಿಯುತ್ತದೆ. ಗೋಡೆಗೆ ಒತ್ತಿಟ್ಟ ಮೀಟರ್ ಅದನ್ನೂ ಎಣಿಸಿ ಅಂಕಿ ಉಬ್ಬಿಸಬಹುದು. ಫ್ಯಾನಿನ ಗಾಳಿ, ಬಿಸಿಲು, ಅಡುಗೆಮನೆ, ಬಚ್ಚಲು ಇವೂ ಬೇಡ. ಮೊದಲ ದಿನದ ಅಂಕಿ ಬಿಟ್ಟುಬಿಡಿ. ಪರದೆಯಲ್ಲಿ ಬೆಕೆರೆಲ್ ಬದಲು ಪಿಕೋಕ್ಯೂರಿ ಎಂದಿದ್ದರೆ 37ರಿಂದ ಗುಣಿಸಿ. ಇಷ್ಟಿದ್ದರೆ ಮನೆ ಸರಿಮಾಡಿಸಿ ಎಂದು ಅಮೆರಿಕದವರು ಹೇಳುವ 4 ಪಿಕೋಕ್ಯೂರಿ ಎಂದರೆ 148 ಬೆಕೆರೆಲ್.

ಹಗಲು ರಾತ್ರಿಯ ವ್ಯತ್ಯಾಸ ಸಹಜ. ಕಿಟಕಿ ಮುಚ್ಚಿದಾಗ ಏರುತ್ತ ಹೋಗಿ ಬೆಳಗಿನ ಜಾವ ತುದಿ ಮುಟ್ಟುತ್ತದೆ, ತೆರೆದರೆ ಇಳಿಯುತ್ತದೆ. 16 ಗಂಟೆ 60, 8 ಗಂಟೆ 310 ಎಂದಿಟ್ಟುಕೊಂಡರೆ ದಿನದ ಸರಾಸರಿ 143. ಇಲ್ಲಿ ಒಂದು ಮೋಸ ಇದೆ. ಆ 143 ಕೋಣೆಯ ಸರಾಸರಿ, ನಿಮ್ಮದಲ್ಲ. ಹಗಲು ನೀವು ಆ ಕೋಣೆಯಲ್ಲಿ ಇಲ್ಲ. ಅಲ್ಲಿ ಉಸಿರಾಡುವುದು ರಾತ್ರಿಯ ಗಾಳಿಯನ್ನು. ಹಾಗೆಂದು ಒಂದು ರಾತ್ರಿಯ 310 ಕಂಡು ಗಾಬರಿ ಬೀಳುವುದೂ ಬೇಡ, ಏಕೆಂದರೆ ಅಪಾಯದ ಲೆಕ್ಕವೆಲ್ಲ ವರ್ಷಗಟ್ಟಲೆಯ ಸರಾಸರಿಯ ಮೇಲೆ ನಿಂತಿದೆ. ಆಟಿ ತಿಂಗಳನ್ನು (ಜುಲೈ-ಆಗಸ್ಟ್) ಒಳಗೊಂಡ ಮೂರು ತಿಂಗಳು, ಬೇಸಿಗೆಯ ಮೂರು ತಿಂಗಳು ಅಳೆದು ಎರಡರ ಸರಾಸರಿ ನೋಡಿ. ಮಳೆಗಾಲದಲ್ಲಿ ಅಂಕಿ ಏರಬಹುದು: ಅಂಗಳದ ಮಣ್ಣಿನ ಸಂದುಗಳು ನೀರು ತುಂಬಿ ಮುಚ್ಚಿಹೋದಾಗ, ಮನೆಯಡಿಯ ಒಣ ಮಣ್ಣೇ ಅನಿಲಕ್ಕೆ ಸುಲಭದ ದಾರಿ. ಕಿಟಕಿಯೂ ಆಗ ಮುಚ್ಚಿಯೇ ಇರುತ್ತದೆ.

ಮೀಟರ್ ಕೊಳ್ಳದವರಿಗೆ ಫಿಲ್ಮಿನ ಅಳತೆ ಇದೆ. ಎಲ್‌ಆರ್-115 ಎಂಬ ಫಿಲ್ಮಿನ ತುಂಡನ್ನು ಪುಟ್ಟ ಡಬ್ಬಿಯಲ್ಲಿ ಮೂರು ತಿಂಗಳು ಇಟ್ಟು, ಆಲ್ಫಾ ಕಣ ಕೊರೆದ ಗುರುತುಗಳನ್ನು ಪ್ರಯೋಗಾಲಯದಲ್ಲಿ ಕ್ಷಾರದಲ್ಲಿ ಅದ್ದಿ ಎಣಿಸುತ್ತಾರೆ. ಕರೆಂಟು ಬೇಡ, ಸದ್ದಿಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣಶೀಲತೆಯ ಸಂಶೋಧನಾ ಕೇಂದ್ರ ಇದೆ, ವಿಚಾರಿಸಿ ನೋಡಬಹುದು. ಇದ್ದಿಲಿನ ಡಬ್ಬಿಯಲ್ಲಿ ಎರಡರಿಂದ ಏಳು ದಿನದಲ್ಲಿ ಮುಗಿಸುವ ಪರೀಕ್ಷೆ ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ; ಇದ್ದಿಲು ರೇಡಾನಿಗಿಂತ ಮೊದಲು ತೇವ ಹೀರುತ್ತದೆ, ಅಂಕಿ ಕಡಿಮೆ ಬರುತ್ತದೆ.

ಪಕ್ಕದ ಮನೆಯ 40 ನಿಮ್ಮ ಕೆಲಸಕ್ಕೆ ಬಾರದು. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರ್ ಅಣುಸ್ಥಾವರದ ಕೆಲಸಕ್ಕೆ ಹೋದಾಗ ವಿಕಿರಣದ ಎಚ್ಚರಿಕೆ ಗಂಟೆ ಹೊಡೆಯಿತು. ಹುಡುಕಿದರೆ ವಿಕಿರಣ ಸ್ಥಾವರದ್ದಲ್ಲ, ಮನೆಯಿಂದ ಮೈಗಂಟಿ ಬಂದದ್ದು. ಆ ಮನೆಯಲ್ಲಿ ಘನ ಮೀಟರಿಗೆ ಸುಮಾರು 1 ಲಕ್ಷ ಬೆಕೆರೆಲ್ ಇತ್ತು. ಮನೆಗಳ ರೇಡಾನ್ ದೊಡ್ಡ ಸುದ್ದಿಯಾದದ್ದೇ ಅಲ್ಲಿಂದ. ನೆರೆಮನೆಯ ಅಂಕಿ ಹಾಗಿರಲಿಲ್ಲ.

ಸದ್ಯಕ್ಕೆ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಮಲಗಿ, ಎಸಿಗಾಗಿ ಗಾಜು ಕೂರಿಸಿದ ಗಾಳಿಕಂಡಿಯನ್ನು ಬಿಚ್ಚಿಸಿ. ಎಕ್ಸಾಸ್ಟ್ ಫ್ಯಾನ್ ಒಂದನ್ನೇ ಓಡಿಸಬೇಡಿ. ಒಳಬರುವ ಗಾಳಿಗೆ ಕಿಟಕಿ ಇಲ್ಲದಿದ್ದರೆ ಅದು ನೆಲದ ಬಿರುಕಿನಿಂದಲೇ ಗಾಳಿ ಎಳೆಯುತ್ತದೆ, ರೇಡಾನ್ ಇನ್ನೂ ಹೆಚ್ಚುತ್ತದೆ.

ಪ್ರಶ್ನೆ: ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ತಮ್ಮನ ಮನೆಯಲ್ಲಿ ಕೊಳವೆಬಾವಿ, ಆರ್‌ಒ ಕೂಡ ಇದೆ. ನೀರಿನಲ್ಲೂ ರೇಡಾನ್ ಇರುತ್ತದಂತೆ, ಕುಡಿಯಬಹುದೇ? (ಬಾಯಾರು)

ಉತ್ತರ: ಕುಡಿಯಬಹುದು. ಬಂಡೆಯ ಸಂದಿನಲ್ಲಿದ್ದ ನೀರಿನಲ್ಲಿ ರೇಡಾನ್ ಕರಗಿರುವುದು ನಿಜ. ಗಾಳಿ ತಾಗಿದ ಕೂಡಲೇ ಹೊರಟುಹೋಗುವುದೂ ನಿಜ. ಸುರಂಗದ ನೀರು ದಂಬೆಯಲ್ಲಿ ಹರಿದು ತೆರೆದ ಟಾಂಕಿಗೆ ಬೀಳುವಾಗಲೇ ಹೆಚ್ಚಿನದು ಹೋಗಿರುತ್ತದೆ. ತೆರೆದ ಬಾವಿಯದ್ದೂ ಹಾಗೆಯೇ. ಕೊಳವೆಬಾವಿಯ ನೀರು ಪಂಪಿನಿಂದ ನೇರ ನಲ್ಲಿಗೆ ಬಂದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಅಂದಾಜಿಗೆ ನೀರಿನಲ್ಲಿರುವ ರೇಡಾನ್ ಪ್ರಮಾಣದ ಹತ್ತು ಸಾವಿರದಲ್ಲಿ ಒಂದು ಪಾಲು ಮನೆಯ ಗಾಳಿಗೆ ಸೇರುತ್ತದೆ: ಲೀಟರಿಗೆ 100 ಬೆಕೆರೆಲ್ (ಅಂದರೆ ಘನ ಮೀಟರಿಗೆ 1 ಲಕ್ಷ) ಇದ್ದ ನೀರು ಗಾಳಿಗೆ ಘನ ಮೀಟರಿಗೆ 10 ಬೆಕೆರೆಲ್ ಕೂಡಿಸುತ್ತದೆ. ಮಣ್ಣಿನಿಂದ ಬರುವುದರ ಮುಂದೆ ಇದು ಸಣ್ಣದು. ತಾರಸಿಯ ಟಾಂಕಿಗೆ ಪೈಪನ್ನು ನೀರಿನೊಳಗೆ ಮುಳುಗಿಸದೆ ಮೇಲಿನಿಂದ ಧಾರೆಯಾಗಿ ಬೀಳಿಸಿ, ಟಾಂಕಿಗೆ ಗಾಳಿಯ ಪೈಪು ಇಡಿ, ಸಾಕು. ಆರ್‌ಒ ಪೊರೆ ಕರಗಿದ ಅನಿಲವನ್ನು ತಡೆಯುವುದಿಲ್ಲ, ಅದನ್ನು ರೇಡಾನಿಗಾಗಿ ಕೊಳ್ಳಬೇಡಿ. ಕುದಿಸಿದರೆ ಹೋಗುತ್ತದೆ.

ಸುರಂಗದ ಒಳಗಿನ ಗಾಳಿಯ ಮಾತು ಬೇರೆ. ನಾಲ್ಕು ಕಡೆಯೂ ಕಲ್ಲು, ಗಾಳಿ ಆಡದು, ರೇಡಾನ್ ತುಂಬಲು ಹೇಳಿಮಾಡಿಸಿದ ಜಾಗ. ವರ್ಷಕ್ಕೊಮ್ಮೆ ಕೆಸರು ತೆಗೆಯಲು ಅರ್ಧ ದಿನ ಹೋಗುವವರಿಗೆ ಅದು ಲೆಕ್ಕಕ್ಕಿಲ್ಲ, ವರ್ಷವಿಡೀ ಸುರಂಗ ಕೊರೆಯುವವರು ಮಾತ್ರ ಬ್ಲೋವರಿನಿಂದ ಗಾಳಿ ಬಿಟ್ಟುಕೊಂಡೇ ಕೆಲಸ ಮಾಡಬೇಕು. ಆಮ್ಲಜನಕ ಕಡಿಮೆಯಾಗಿ ದೀಪ ನಂದಿತೆಂದರೆ ರೇಡಾನಿನ ಯೋಚನೆ ಬಿಟ್ಟು ಆ ಕ್ಷಣವೇ ಹೊರಬನ್ನಿ.

ಪ್ರಶ್ನೆ: ಗ್ರಾನೈಟ್ ನೆಲ ಹಾಕಿದರೆ ರೇಡಾನ್ ಹೆಚ್ಚುತ್ತದೆಯೇ? (ಕುಂಬಳೆ)

ಉತ್ತರ: ಗಣನೆಗೆ ಬರುವಷ್ಟಲ್ಲ. ಎರಡು ಸೆಂಟಿಮೀಟರ್ ದಪ್ಪದ, ಪಾಲಿಶ್ ಆದ ಹಲಗೆಯಿಂದ ಹೊರಡುವುದು ಅದರ ಅಡಿಯ ಮಣ್ಣಿನಿಂದ ಬರುವುದರ ಮುಂದೆ ಅಲ್ಪ. ಸಂದುಗಳನ್ನು ಚೆನ್ನಾಗಿ ತುಂಬಿಸಿದರೆ ಗ್ರಾನೈಟೇ ಕೆಳಗಿನದಕ್ಕೆ ಸ್ವಲ್ಪ ಮುಚ್ಚಳ.

ಪ್ರಶ್ನೆ: ಉಳ್ಳಾಲದ ಕಡಲ ಮರಳಿನಲ್ಲಿ ವಿಕಿರಣ ಇದೆ ಎನ್ನುತ್ತಾರೆ. ನಾವೂ ಕಡಲ ಬದಿಯವರೇ. (ಮಂಜೇಶ್ವರ)

ಉತ್ತರ: ಉಳ್ಳಾಲದ ಕಡಲತೀರದಲ್ಲಿ ಥೋರಿಯಂ ಇರುವ ಮೊನಝೈಟ್ ಮರಳಿನ ಪಟ್ಟೆಗಳನ್ನು ಅಳೆದು ದಾಖಲಿಸಿದ್ದಾರೆ. ಅಲ್ಲಿಂದ ಬರುವುದು ಮುಖ್ಯವಾಗಿ ಗಾಮಾ ಕಿರಣ ಮತ್ತು ಥೋರಾನ್. ಇನ್ನೂ ಹೆಚ್ಚು ಮೊನಝೈಟ್ ಇರುವ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಆ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಮನೆಗೆ ಕಡಲ ಮರಳು ತರಬೇಡಿ (ಉಪ್ಪಿನಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆ ಕಾರಣಕ್ಕೇ ಬೇಡ). ಒಳಗೋಡೆಗೆ ಗಾರೆ, ಬಣ್ಣ ಆಗಿದ್ದರೆ ಥೋರಾನ್ ಅಲ್ಲೇ ಕಡಿಮೆಯಾಗುತ್ತದೆ.

ಪ್ರಶ್ನೆ: ಹೊಸ ಮನೆಗೆ ಪಂಚಾಂಗ (ಅಡಿಪಾಯ) ಮುಗಿದಿದೆ, ನೆಲದ ಕಾಂಕ್ರೀಟ್ ಬಾಕಿ. ಈಗಲೇ ಏನಾದರೂ ಮಾಡಬಹುದೇ? (ಮುಳ್ಳೇರಿಯ)

ಉತ್ತರ: ಮಾಡುವುದಿದ್ದರೆ ಈಗಲೇ. ಆಮೇಲೆ ನೆಲ ಕೊರೆಯಬೇಕಾಗುತ್ತದೆ. ತುಂಬಿಸಿದ ಮಣ್ಣನ್ನು ಗುದ್ದಿ ಗಟ್ಟಿ ಮಾಡಿದ ಮೇಲೆ 10 ಸೆಂಟಿಮೀಟರ್ ದಪ್ಪಕ್ಕೆ 20 ಮಿಲಿಮೀಟರಿನ ತೊಳೆದ ಜಲ್ಲಿ ಹರಡಿ. ಪುಡಿ ಇದ್ದರೆ ಸಂದು ಮುಚ್ಚಿಹೋಗಿ ಜಲ್ಲಿ ಹಾಕಿದ್ದೂ ದಂಡ. ಜಲ್ಲಿಯ ನಡುವೆ ತೂತು ಕೊರೆದ 110 ಮಿಲಿಮೀಟರ್ ಪಿವಿಸಿ ಪೈಪು ಮಲಗಿಸಿ, ಅದರಿಂದ ತೂತಿಲ್ಲದ ಪೈಪನ್ನು ನೇರ ಮೇಲಕ್ಕೆ ತನ್ನಿ. ಪಂಚಾಂಗದ ಅಡ್ಡಗೋಡೆ ನೆಲವನ್ನು ಖಾನೆಗಳಾಗಿ ಹಂಚಿದ್ದರೆ ಪ್ರತಿ ಖಾನೆಗೂ ಪೈಪಿನ ಕವಲು ಬೇಕು. ಇದನ್ನೇ ಹೆಚ್ಚಿನವರು ಮರೆಯುವುದು. ಜಲ್ಲಿಯ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ. 0.15 ಮಿಲಿಮೀಟರ್ ಕನಿಷ್ಠ, 0.25 ಇದ್ದರೆ ಕೆಲಸದವರ ಕಾಲಿಗೆ ಹರಿಯದು. ಹಾಳೆಯ ಮೇಲೆ ಹಾಳೆ 30 ಸೆಂಟಿಮೀಟರ್ ಹತ್ತಿಸಿ ಟೇಪು ಹಾಕಿ, ಗೋಡೆಯ ಬದಿಗೆ ಮೇಲೆತ್ತಿ, ಪೈಪಿನ ಸುತ್ತ ಬಿಗಿಯಾಗಿ ಕಟ್ಟಿ. ಕಾಂಕ್ರೀಟ್ ಹಾಕುವ ದಿನ ನೀವೇ ಎದುರು ನಿಲ್ಲಿ. ಕಬ್ಬಿಣದ ಸರಳು ಚುಚ್ಚಿದ ಹಾಳೆಯನ್ನು ಆಮೇಲೆ ನೋಡಲಾಗದು.

ಪೈಪು ತಾರಸಿಗಿಂತ ಕನಿಷ್ಠ 30 ಸೆಂಟಿಮೀಟರ್ ಮೇಲೆ, ಯಾವ ಕಿಟಕಿಯಿಂದಲೂ ಮೂರು ಮೀಟರ್ ಆಚೆ ಕೊನೆಯಾಗಬೇಕು. ನಮ್ಮಲ್ಲಿ ತಾರಸಿಯ ಮೇಲೆ ಶೀಟ್ ಮಾಡು ಹಾಕುವುದು ರೂಢಿ. ಪೈಪು ಶೀಟಿನ ಕೆಳಗೇ ನಿಂತರೆ ಬಟ್ಟೆ ಒಣಗಿಸುವ, ಅಡಿಕೆ ಹರಡುವ ಜಾಗಕ್ಕೇ ಅನಿಲ ಬಿಟ್ಟ ಹಾಗಾಯಿತು. ಶೀಟು ದಾಟಿಸಿ, ಮಳೆ ಬೀಳದಂತೆ ಟೊಪ್ಪಿ ಹಾಕಿ. ಅಡ್ಡ ಹೋಗುವ ಪೈಪಿಗೆ ನೆಲದ ಕಡೆಗೆ ಇಳಿಜಾರು ಕೊಡಿ, ಇಲ್ಲವಾದರೆ ನೀರು ನಿಂತು ದಾರಿ ಕಟ್ಟುತ್ತದೆ. ಬರೆಯ ಕಡೆಯಿಂದ ಒಸರು ಬರುವ ಜಾಗವಾದರೆ ಪಂಚಾಂಗದ ಹೊರಗೆ ಚರಂಡಿ ಮಾಡಿ. ಜಲ್ಲಿಯಲ್ಲಿ ನೀರು ನಿಂತರೆ ಪೈಪು ಎಳೆಯಲು ಗಾಳಿಯೇ ಇರದು.

ಈಗ ಫ್ಯಾನ್ ಬೇಡ. ತಾರಸಿಯಲ್ಲಿ ಪೈಪಿನ ಪಕ್ಕ ಒಂದು ಪ್ಲಗ್ ಪಾಯಿಂಟ್ ಬಿಟ್ಟಿರಿ. ವಾಸಕ್ಕೆ ಬಂದ ಮೇಲೆ ಅಳೆದು, ಹೆಚ್ಚಿದ್ದರೆ ಮಾತ್ರ ಪೈಪಿಗೆ ಕೂರಿಸುವ ಫ್ಯಾನ್ ತನ್ನಿ. ಅದನ್ನು ಮನೆಯ ಹೊರಗೇ ಕೂರಿಸಬೇಕು. ಫ್ಯಾನಿನ ಮೇಲಿನ ಪೈಪಿನಲ್ಲಿ ಒತ್ತಡ ಇರುವುದರಿಂದ ಒಳಗೆ ಸೋರಿದರೆ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ. ಅದು ಹಗಲು ರಾತ್ರಿ ಓಡುತ್ತಲೇ ಇರಬೇಕು. ಕಟ್ಟಿದ ಮನೆಗೂ ಇದೇ ಕ್ರಮ: ನೆಲದಲ್ಲಿ ಒಂದು ತೂತು ಕೊರೆದು, ಅಡಿಯ ಮಣ್ಣನ್ನು ಒಂದೆರಡು ಬಕೆಟ್ ತೆಗೆದು, ಆ ಗುಂಡಿಯಿಂದ ಪೈಪಿನಲ್ಲಿ ಎಳೆಯುವುದು. ಬಿರುಕು ಮುಚ್ಚುವುದು ಇದರ ಜೊತೆಗೆ ಬೇಕು, ಅದೊಂದನ್ನೇ ನಂಬಬಾರದು. ಸಿಮೆಂಟು ಹಾಲು ಬಳಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿರಿಯುತ್ತದೆ, ಪಾಲಿಯುರೆಥೇನ್ ಸೀಲಂಟ್ ತುಂಬಿಸಿ.

ಪ್ರಶ್ನೆ: ಅಪ್ಪ ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಊರವರು ಎಂಡೋಸಲ್ಫಾನ್ ಎಂದರು, ಈಗ ರೇಡಾನ್ ಎನ್ನುತ್ತಾರೆ. ನಮ್ಮ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ? (ಎಣ್ಮಕಜೆ)

ಉತ್ತರ: ಇಲ್ಲ. ರೇಡಾನ್ ತಾಗಿದೆಯೇ ಎಂದು ಹೇಳುವ ರಕ್ತ ಪರೀಕ್ಷೆ ಆಸ್ಪತ್ರೆಗಳಲ್ಲಿ ಇಲ್ಲ, ಹಣ ಕಳೆಯಬೇಡಿ. ಒಬ್ಬ ವ್ಯಕ್ತಿಯ ಕ್ಯಾನ್ಸರನ್ನು ತೋರಿಸಿ ಇದು ಇದರಿಂದಲೇ ಎಂದು ಯಾವ ವೈದ್ಯರೂ ಹೇಳಲಾರರು. ಒಲೆಯ ಹೊಗೆ, ಇತರರ ಬೀಡಿ ಹೊಗೆ, ಕಲ್ನಾರಿನ ಧೂಳು ಎಲ್ಲವೂ ಕಾರಣವಾಗಬಲ್ಲವು. ಎಂಡೋಸಲ್ಫಾನ್ ಗೇರುತೋಟಕ್ಕೆ ಸಿಂಪಡಿಸಿದ ಕೀಟನಾಶಕ, ರೇಡಾನ್ ನೆಲದ ಅನಿಲ; ಎರಡಕ್ಕೂ ಸಂಬಂಧವಿಲ್ಲ, ಒಂದರ ಮಾತು ಇನ್ನೊಂದನ್ನು ಮುಚ್ಚಬಾರದು. ರೇಡಾನಿನಿಂದ ತಲೆನೋವು, ಕೆಮ್ಮು ಏನೂ ಬರುವುದಿಲ್ಲ. ಯಾರಿಗಾದರೂ ಎರಡು ವಾರ ಮೀರಿ ಕೆಮ್ಮು ಇದ್ದರೆ, ಕಫದಲ್ಲಿ ರಕ್ತ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮೊದಲು ಕ್ಷಯರೋಗದ ಪರೀಕ್ಷೆ ಆಗಲಿ.

ಪ್ರಶ್ನೆ: ಬಾಡಿಗೆ ಮನೆ. ನೆಲ ಕೊರೆಯಲು ಮಾಲೀಕರು ಬಿಡರು. (ಕಾಸರಗೋಡು)

ಉತ್ತರ: ಮಲಗುವುದನ್ನು ಉಪ್ಪರಿಗೆಗೆ ಬದಲಿಸಿ, ನೆಲದಿಂದ ಮೇಲೆ ಹೋದಷ್ಟೂ ಸಾಮಾನ್ಯವಾಗಿ ಕಡಿಮೆ. ಉಪ್ಪರಿಗೆ ಇಲ್ಲವಾದರೆ ಎದುರುಬದುರಿನ ಎರಡು ಕಿಟಕಿಗೆ ಸೊಳ್ಳೆಬಲೆ ಹಾಕಿಸಿ ರಾತ್ರಿ ತೆರೆದಿಡಿ. ಸಿಂಕಿನ ಕೆಳಗೆ, ಬಚ್ಚಲಿನಲ್ಲಿ ಪೈಪು ನೆಲಕ್ಕಿಳಿಯುವ ತೂತುಗಳನ್ನು ಸೀಲಂಟಿನಿಂದ ಮುಚ್ಚಿ. ಇದಕ್ಕೆ ಮಾಲೀಕರೂ ಬೇಡ ಎನ್ನಲಿಕ್ಕಿಲ್ಲ, ಜಿರಳೆಯೂ ಕಡಿಮೆಯಾಗುತ್ತದೆ.