ಕೊಳ್ಳುವ ಮುಂಚೆ ಮಂಚದ ಅಡಿಗೂ ಬಗ್ಗಿ ನೋಡಿ

ಮಧ್ಯಮ ದರದ ಶೋರೂಮ್‌ಗಳಲ್ಲಿ ಫರ್ನಿಚರ್ ಕೊಳ್ಳುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಒಳಾಂಗಣ ವಿನ್ಯಾಸ ಮತ್ತು ಮರಗೆಲಸದ ತಜ್ಞರ ಉತ್ತರ

ಪ್ರಶ್ನೆ: ಹೊಸದಾಗಿ ಬಾಡಿಗೆ ಮನೆ ಮಾಡಿದ್ದೇವೆ. ಮಂಚ, ವಾರ್ಡ್‌ರೋಬ್, ಟಿವಿ ಯೂನಿಟ್ ಮೂರೂ ಸೇರಿ ಒಂದು ಲಕ್ಷದೊಳಗೆ ಮುಗಿಯಬೇಕು. ಹೋದ ಕಡೆಯೆಲ್ಲ ‘ಎಂಜಿನಿಯರ್ಡ್ ವುಡ್ ಸರ್, ಮರಕ್ಕಿಂತ ಗಟ್ಟಿ’ ಅಂತಾರೆ. ನಮ್ಮ ತಂದೆ ಮಾತ್ರ ‘ಅದೆಲ್ಲ ರಟ್ಟು, ಬಡಗಿ ಕೈಲಿ ಮಾಡಿಸು’ ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ? (ಓದುಗರು, ಬೆಂಗಳೂರು)

ಎಂಜಿನಿಯರ್ಡ್ ವುಡ್ ಎಂದು ಹೇಳಿದವರನ್ನು ಅಲ್ಲಿಗೇ ಬಿಡಬೇಡಿ, ‘ಯಾವ ಬೋರ್ಡು?’ ಎಂದು ಕೇಳಿ. ಆ ಒಂದೇ ಹೆಸರಿನಲ್ಲಿ ಮುಖ್ಯವಾಗಿ ಮೂರು ಥರದ ಸರಕು ಮಾರಾಟವಾಗುತ್ತದೆ. ಮರದ ಚೂರುಗಳಿಗೆ ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿದರೆ ಪಾರ್ಟಿಕಲ್ ಬೋರ್ಡ್. ಮರವನ್ನು ನಾರುನಾರಾಗಿ ಬಿಡಿಸಿ ಒತ್ತಿದರೆ ಎಂಡಿಎಫ್. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಂಟಿಸಿದರೆ ಪ್ಲೈವುಡ್. ಬೆಲೆ ಬೇರೆ, ಬಾಳಿಕೆ ಬೇರೆ. ಆದರೆ ಮೇಲೆ ಲ್ಯಾಮಿನೇಟ್ ಕೂತ ಮೇಲೆ ಮೂರೂ ಒಂದೇ ಥರ ಹೊಳೆಯುತ್ತವೆ.

ಶೋರೂಮಿನಲ್ಲೇ ಗುರುತಿಸಲು ಒಂದು ದಾರಿ ಇದೆ. ಟಿವಿ ಯೂನಿಟ್ಟಿಗೆ, ಕಂಪ್ಯೂಟರ್ ಟೇಬಲ್ಲಿಗೆ ವೈರ್ ಹಾಯಿಸಲು ಹಿಂದೆ ದುಂಡನೆಯ ತೂತು ಕೊರೆದಿರುತ್ತಾರೆ. ಅದರ ಪ್ಲಾಸ್ಟಿಕ್ ಮುಚ್ಚಳವನ್ನು ಉಗುರಿನಿಂದ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ತೂತಿನ ಒಳಮೈ ನೋಡಿ. ಒರಟು ಚಕ್ಕೆಗಳು ಕಂಡರೆ, ಬೆರಳಿಗೆ ಪುಡಿ ಹತ್ತಿದರೆ ಪಾರ್ಟಿಕಲ್ ಬೋರ್ಡ್. ಕಂದು ಬಣ್ಣ ಒಂದೇ ಸಮನಾಗಿದ್ದು, ಎಲ್ಲೂ ಗೆರೆಯೇ ಇಲ್ಲದಿದ್ದರೆ ಎಂಡಿಎಫ್. ಪದರದ ಗೆರೆಗಳು ಕಂಡರೆ ಪ್ಲೈವುಡ್. ವಾರ್ಡ್‌ರೋಬಿನಲ್ಲಿ ಇಂಥ ತೂತು ಸಿಗುವುದಿಲ್ಲ. ಅಲ್ಲಿ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ತಳದ ಹಲಗೆಯ ಹಿಂದಿನ ಅಂಚು ನೋಡಿ. ಕಣ್ಣಿಗೆ ಬೀಳದ ಅಂಚಿಗೆ ಎಷ್ಟೋ ಕಂಪನಿಗಳು ಪಟ್ಟಿ ಅಂಟಿಸುವುದೇ ಇಲ್ಲ.

ಪಾರ್ಟಿಕಲ್ ಬೋರ್ಡ್ ಮಾರುವುದು ಮೋಸವಲ್ಲ. ಪಾರ್ಟಿಕಲ್ ಬೋರ್ಡನ್ನು ಪ್ಲೈವುಡ್ಡಿನ ಬೆಲೆಗೆ ಮಾರುವುದು ಮೋಸ. ಅದಕ್ಕೆ ಶತ್ರುಗಳು ಎರಡು: ನೀರು ಮತ್ತು ಸ್ಕ್ರೂ. ನೆಲ ಒರೆಸಿದ ನೀರು ತೆರೆದ ಅಂಚಿನಿಂದ ಒಳಗಿಳಿದರೆ ಬೋರ್ಡು ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದು ಕಷ್ಟ. ನಿಮ್ಮದು ಬಾಡಿಗೆ ಮನೆ. ಎರಡು ಸಲ ಮನೆ ಬದಲಾಯಿಸಿದರೆ ಎರಡು ಸಲ ಬಿಚ್ಚಿ ಜೋಡಿಸಬೇಕು. ಬೆಂಗಳೂರಿನ ಬಾಡಿಗೆದಾರರು ಮೊದಲು ಹಾಕಬೇಕಾದ ಲೆಕ್ಕ ಇದು.

ಹಾಗಾಗಿ ಮೂರಕ್ಕೂ ಒಂದೇ ಸೆಟ್ ಬೇಡ. ದಿನಾ ಭಾರ ಹೊರುವ ಮಂಚಕ್ಕೆ ಹೆಚ್ಚು ದುಡ್ಡು ಹಾಕಿ. ಗಟ್ಟಿ ಮರದ ಚೌಕಟ್ಟು ಆಗಲಿ, ಒಳ್ಳೆಯ ದಪ್ಪದ ಕಬ್ಬಿಣದ ಕೊಳವೆ ಆಗಲಿ, ಬೋಲ್ಟ್ ಹಾಕಿ ಬಿಚ್ಚುವಂಥದ್ದು ತಗೊಳ್ಳಿ. ಟಿವಿ ಯೂನಿಟ್ ಪಾರ್ಟಿಕಲ್ ಬೋರ್ಡಿನದಾದರೂ ನಡೆಯುತ್ತದೆ, ಗೋಡೆ ಪಕ್ಕ ಅಲುಗಾಡದೆ ಇರುವ ಸಾಮಾನು ಅದು. ವಾರ್ಡ್‌ರೋಬಿನ ವಿಷಯದಲ್ಲಿ ಅಗಲವಾದ ಶೆಲ್ಫ್ ಕಂಡು ಮರುಳಾಗಬೇಡಿ. 18 ಮಿ.ಮೀ. ಬೋರ್ಡು ಮೂರಡಿ ಉದ್ದಕ್ಕೆ ನಡುವೆ ಆಸರೆ ಇಲ್ಲದೆ ನಿಂತರೆ, ಸೀರೆಗಳ ಭಾರಕ್ಕೆ ಕೆಲವೇ ವರ್ಷದಲ್ಲಿ ಬಾಗುತ್ತದೆ. ಹಿಂಬದಿಯ ಹಲಗೆಯನ್ನು ಬೆರಳಿನಿಂದ ಒತ್ತಿ. ಡೊಗ್ಗಿದರೆ ಅದು ಮೂರು ಮಿ.ಮೀ. ಹಾಳೆ, ಇಡೀ ಬೀರು ಓರೆಯಾಗದಂತೆ ಹಿಡಿದಿಡುವ ಶಕ್ತಿ ಅದಕ್ಕಿರುವುದಿಲ್ಲ. ಆಳವನ್ನೂ ಅಳೆಯಿರಿ. ಹ್ಯಾಂಗರ್ ಅಡ್ಡಲಾಗಿ ತೂಗಬೇಕಾದರೆ ಒಳಗೆ 22 ಇಂಚಾದರೂ ಬೇಕು. ಬೆಲೆ ಇಳಿಸಲು 18 ಇಂಚಿಗೆ ಕತ್ತರಿಸಿದ ಬೀರುಗಳಲ್ಲಿ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ.

ಮೂಗಿಗೂ ಸ್ವಲ್ಪ ಕೆಲಸ ಕೊಡಿ. ಬಾಗಿಲು ತೆರೆದಾಗ ಘಾಟು ವಾಸನೆ ಬಂದು ಕಣ್ಣುರಿದರೆ, ಅದು ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್. ಇ1 ದರ್ಜೆಯ ಬೋರ್ಡಿನಲ್ಲಿ ಅದು ಕಡಿಮೆ. ಮಗು ಮಲಗುವ ಕೋಣೆಗಾದರೆ ಇ1 ಎಂದು ಬರೆದುಕೊಡದ ಅಂಗಡಿಯಿಂದ ತರಲೇಬೇಡಿ.

ನಿಮ್ಮ ತಂದೆಯವರ ಮಾತು ಸ್ವಂತ ಮನೆಗೆ ಸರಿ. ಐಎಸ್ 303 (ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ, ಬಿಡಬ್ಲ್ಯೂಆರ್ ಅಂದರೆ ಕುದಿಯುವ ನೀರನ್ನೂ ತಾಳುವ ದರ್ಜೆಯ ಪ್ಲೈವುಡ್ ತಂದು, ನುರಿತ ಬಡಗಿಯಿಂದ ಗೋಡೆಗೆ ಸೇರಿಸಿ ಮಾಡಿಸಿದ ವಾರ್ಡ್‌ರೋಬಿಗೆ ಶೋರೂಮಿನ ಯಾವ ಸೆಟ್ಟೂ ಸಾಟಿಯಲ್ಲ. ಆದರೆ ಬಾಡಿಗೆ ಮನೆಯ ಗೋಡೆಗೆ ಸೇರಿಸಿದ್ದನ್ನು ಮಾಲೀಕರಿಗೇ ಬಿಟ್ಟು ಬರಬೇಕಾಗುತ್ತದೆ.

ಇನ್ನೊಂದು ಮಾತು. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಶುರುವಾದ ಫರ್ನಿಚರ್ ಮಳಿಗೆ ಐಕಿಯಾ, ತನ್ನ ಜಾಲತಾಣದಲ್ಲಿ ಪ್ರತಿ ಸಾಮಾನಿನ ಯಾವ ಭಾಗಕ್ಕೆ ಏನು ಬಳಸಿದ್ದೇವೆ ಎಂದು ಬಿಡಿಸಿ ಬರೆಯುತ್ತದೆ. ಪಾರ್ಟಿಕಲ್ ಬೋರ್ಡ್ ಇದ್ದರೆ ಪಾರ್ಟಿಕಲ್ ಬೋರ್ಡ್ ಎಂದೇ ಇರುತ್ತದೆ. ನೀವು ಎಲ್ಲೇ ಕೊಳ್ಳಿ, ಅಂಥದ್ದೇ ವಿವರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಕಿಂಗ್ ಸೈಜ್ ಬೆಡ್, 1’ ಎಂದಷ್ಟೇ ಇರುವ ಬಿಲ್ಲು ನಾಳೆ ಜಗಳಕ್ಕೆ ನಿಂತಾಗ ಏನೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಲೆದರೆಟ್ ಸೋಫಾ ತಂದು ಮೂರು ವರ್ಷ ಆಗಿಲ್ಲ, ತಲೆ ಒರಗುವ ಜಾಗದಲ್ಲೆಲ್ಲ ಚರ್ಮ ಸುಲಿದ ಹಾಗೆ ಏಳುತ್ತಿದೆ. ಅಂಗಡಿಯವರು ‘ವಾರಂಟಿ ಮುಗೀತು’ ಎಂದರು. ಈ ಸಲ ಎಂಥದ್ದು ತಗೊಳ್ಳಲಿ? ಮನೆಯಲ್ಲಿ ಮಂಡಿನೋವಿನ ಅತ್ತೆ ಇದ್ದಾರೆ. (ಓದುಗರು, ಮಂಗಳೂರು)

ನೀವು ಬಳಸಿದ್ದರಲ್ಲಿ ತಪ್ಪಿಲ್ಲ. ಲೆದರೆಟ್ ಎಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನ್ ಲೇಪಿಸಿದ ಹಾಳೆ. ಮೆತ್ತಗೆ, ನಿಜವಾದ ಚರ್ಮದಂತೆ ಅನಿಸುವುದು ಎರಡನೆಯದು. ಗಾಳಿಯ ತೇವ ಅದರ ಲೇಪವನ್ನು ನಿಧಾನವಾಗಿ ಒಡೆಯುತ್ತದೆ. ಕರಾವಳಿಯ ಸೆಕೆ, ಬೆವರು, ತಲೆಗೆ ಹಚ್ಚಿದ ತೆಂಗಿನೆಣ್ಣೆ ಎಲ್ಲವೂ ಸೇರಿದರೆ ಇನ್ನೂ ಬೇಗ. ಆದ್ದರಿಂದಲೇ ಒರಗುವ ಜಾಗದಲ್ಲಿ ಮೊದಲು ಎದ್ದಿದೆ. ಕರಾವಳಿಯಲ್ಲಿ ಇರುವವರಿಗೆ ನಾನು ಪಾಲಿಯುರೆಥೇನ್ ಸೋಫಾ ತರಲು ಹೇಳುವುದೇ ಇಲ್ಲ, ಅದು ಎಷ್ಟೇ ಚೆಂದ ಕಂಡರೂ.

ಮರದ ಚೌಕಟ್ಟು, ಎತ್ತಿ ಬಿಸಿಲಿಗಿಡಬಹುದಾದ ಬಿಡಿ ಕುಶನ್, ಜಿಪ್ ಬಿಚ್ಚಿ ಒಗೆಯಬಹುದಾದ ಹೊದಿಕೆ ಇರುವ ಸೋಫಾ ನಿಮ್ಮ ಊರಿಗೆ ಹೊಂದುತ್ತದೆ. ಕೆಳಗೆ ನಾಲ್ಕೈದು ಇಂಚು ಕಾಲಿದ್ದು ಗಾಳಿ ಆಡಬೇಕು. ನೆಲಕ್ಕೆ ಅಂಟಿಕೊಂಡಂತೆ ಕೂರುವ ಸೋಫಾದ ಅಡಿ, ಮಳೆಗಾಲ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ಶೋರೂಮಿನಲ್ಲಿ ಹೀಗೆ ಪರೀಕ್ಷಿಸಿ. ಸೋಫಾದ ಮುಂದಿನ ಒಂದು ಮೂಲೆಯನ್ನು ಅರ್ಧ ಅಡಿಯಷ್ಟು ಎತ್ತಿ. ಆ ಹೊತ್ತಿಗೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿರಬೇಕು. ಅದು ನೆಲದಲ್ಲೇ ಉಳಿದು, ನಡುವೆ ಚೌಕಟ್ಟು ತಿರುಚಿಕೊಂಡರೆ, ಒಳಗಿನ ಮರ ತೆಳು ಅಥವಾ ಕೀಲು ಸಡಿಲ. ಕುಶನ್ನಿನ ಜಿಪ್ ತೆಗೆದು ಫೋಮ್ ನೋಡಿ, ಸಾಂದ್ರತೆ ಎಷ್ಟು ಕೇಳಿ. ಕೂರುವ ಜಾಗಕ್ಕೆ 32 ಇರಲೇಬೇಕು, 40 ಇದ್ದರೆ ಒಳ್ಳೆಯದು. ಇದು ಒಂದು ಘನ ಮೀಟರ್ ಫೋಮಿನ ತೂಕ, ಕಿಲೋ ಲೆಕ್ಕದಲ್ಲಿ. ಅಂಗೈಯಿಂದ ಒತ್ತಿ ನೋಡಿದರೆ ಹೊಸ ಫೋಮ್ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಮಂಡಿ ಊರಿ ಭಾರ ಬಿಡಿ. ಒಳಗಿನ ಪಟ್ಟಿ ಮಂಡಿಗೆ ತಗುಲಿದರೆ ಮುಂದಿನ ಸೋಫಾ ನೋಡಿ.

ಅತ್ತೆಯವರನ್ನು ಕರೆದುಕೊಂಡೇ ಹೋಗಿ. ಈಗಿನ ಮಾಡರ್ನ್ ಸೋಫಾಗಳು ತಗ್ಗು, ಆಳ ಜಾಸ್ತಿ. ಹಿರಿಯರು ಕೂತರೆ ಏಳಲಿಕ್ಕೆ ಇನ್ನೊಬ್ಬರ ಕೈ ಬೇಕು. ಕುಶನ್ ಕುಗ್ಗಿದ ಮೇಲೂ 17-18 ಇಂಚು ಎತ್ತರ, ಹೆಚ್ಚೆಂದರೆ 21-22 ಇಂಚು ಆಳ, ಕೈಯೂರಲು ಗಟ್ಟಿಯಾದ ತೋಳು. ಅವರು ಅಲ್ಲೇ ಹತ್ತು ನಿಮಿಷ ಕೂತು, ಯಾರೂ ಹಿಡಿಯದೆ ಎದ್ದರೆ ಅದೇ ನಿಮ್ಮ ಸೋಫಾ.

ಪ್ರಶ್ನೆ: ಶೋರೂಮಿನಲ್ಲಿ ಡೈನಿಂಗ್ ಟೇಬಲ್ ತೋರಿಸಿ ‘ರೋಸ್‌ವುಡ್’ ಎಂದರು. ನಮ್ಮ ಅಜ್ಜನ ಮನೆಯ ಬೀಟೆ ಮಂಚದ ಹಾಗೆ ಕಾಣಲಿಲ್ಲ, ಬೆಲೆಯೂ ಬಹಳ ಕಡಿಮೆ. ನಂಬಬಹುದೇ? (ಓದುಗರು, ಶಿರಸಿ)

ನಿಮ್ಮ ಅನುಮಾನ ಸರಿಯಾಗಿದೆ. ಅದು ಬಹುತೇಕ ಶೀಶಂ ಮರ. ಬೀಟೆಯ ಕುಲದ್ದೇ ಆದರೂ ಬೇರೆ ಜಾತಿ, ಉತ್ತರ ಭಾರತದ್ದು. ಜೋಧಪುರದ ಕಡೆಯ ಕಾರ್ಖಾನೆಗಳಿಂದ ದೇಶದ ತುಂಬ ಬರುತ್ತದೆ. ನಮ್ಮ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಧ್ಯಮ ದರದ ಶೋರೂಮಿನಲ್ಲಿ ಅದು ರಾಶಿ ರಾಶಿ ಸಿಗುವ ಮಾತೇ ಇಲ್ಲ.

ಶೀಶಂ ಕಳಪೆಯಲ್ಲ, ಡೈನಿಂಗ್ ಟೇಬಲ್ಲಿಗೆ ಒಳ್ಳೆಯ ಮರ. ನೋಡಬೇಕಾದ್ದು ಚೇಗು, ಅಂದರೆ ಮರದ ಒಳಗಿನ ಗಟ್ಟಿ ತಿರುಳು, ಎಷ್ಟಿದೆ ಎಂಬುದನ್ನು. ಮರದ ಹೊರಗಿನ ಬಿಳಿ ಭಾಗಕ್ಕೆ ಗಾಢ ಬಣ್ಣ ಬಳಿದು ಚೇಗಿನ ಜತೆ ಸೇರಿಸಿಬಿಡುತ್ತಾರೆ, ಕುಟ್ಟೆ ಹುಳು ಮೊದಲು ಹೊಕ್ಕುವುದು ಅಲ್ಲಿಗೇ. ಮೇಜಿನ ಅಡಿಗೆ ಬಗ್ಗಿ ನೋಡಿ, ಅಲ್ಲಿ ಬಣ್ಣ ತೆಳುವಾಗಿರುತ್ತದೆ. ಬಿಳಿ ಪಟ್ಟಿ ಜಾಸ್ತಿ ಕಂಡರೆ, ಸೂಜಿಮೊನೆಯಂಥ ತೂತುಗಳೋ ಹಿಟ್ಟಿನಂಥ ಪುಡಿಯೋ ಇದ್ದರೆ ಬೇಡ. ಮೇಲ್ಮೈಯ ಗೆರೆ ಅಂಚು ದಾಟಿ ಕೆಳಗಿಳಿದಿದ್ದರೆ ಗಟ್ಟಿ ಮರ, ಅಂಚಿನಲ್ಲಿ ನಿಂತು ಬೇರೆ ಗೆರೆ ಶುರುವಾದರೆ ಮೇಲೆ ಅಂಟಿಸಿದ ತೆಳು ಪದರ. ಮಲೆನಾಡಿನ ಮಳೆಗೆ ಮರ ಹಿಗ್ಗುತ್ತದೆ, ಮೊದಲ ವರ್ಷ ಕೀಲಿನಲ್ಲಿ ಸಣ್ಣ ಬಿರುಕು ಕಂಡರೆ ಗಾಬರಿ ಬೇಡ.

ಪ್ರಶ್ನೆ: ಆಷಾಢದ ಡಿಸ್ಕೌಂಟ್ ನಿಜವೇ? ನೋ-ಕಾಸ್ಟ್ ಇಎಂಐ ತಗೊಳ್ಳಬಹುದೇ? (ಓದುಗರು, ಮೈಸೂರು)

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶೋರೂಮ್ ಖಾಲಿ ಇರುತ್ತದೆ, ಆಗ ಚೌಕಾಶಿಗೆ ನಿಜವಾಗಿಯೂ ಜಾಗವಿದೆ. ಶ್ರಾವಣ ಬಂದರೆ ಅದೇ ಮ್ಯಾನೇಜರ್ ಕೈಗೆ ಸಿಗುವುದಿಲ್ಲ. ಆದರೆ ‘60% ಆಫ್’ ಎಂಬ ಫಲಕ ನೋಡಿ ಲೆಕ್ಕ ಹಾಕಬೇಡಿ. ಜೇಷ್ಠದಲ್ಲೇ ಒಂದು ಸಲ ಹೋಗಿ, ಬೇಕಾದ ಸಾಮಾನಿನ ಬೆಲೆಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಶೇ 18ರ ಜಿಎಸ್‌ಟಿ, ಸಾಗಣೆ, ಜೋಡಣೆ ಎಲ್ಲ ಸೇರಿ ಕೊನೆಗೆ ಎಷ್ಟು ಎಂಬ ಒಂದೇ ಮೊತ್ತ ಕೇಳಿ.

ನೋ-ಕಾಸ್ಟ್ ಇಎಂಐ ಎಂದರೆ ಬಡ್ಡಿಯಿಲ್ಲದ ಕಂತು ಎನ್ನುತ್ತಾರೆ, ಆದರೆ ಸಾಲ ಕೊಡುವವರು ಬಡ್ಡಿ ಬಿಡುವುದಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. 60,000 ರೂಪಾಯಿಯ ಮಂಚಕ್ಕೆ ‘ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ?’ ಎಂದು ಕೇಳಿ. 55,000 ಎಂದರೆ ಆ 5,000ವೇ ನಿಮ್ಮ ಬಡ್ಡಿ. ಪ್ರೊಸೆಸಿಂಗ್ ಶುಲ್ಕ ಅದರ ಮೇಲೆ.

ಪ್ರಶ್ನೆ: ಮಂಚ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ ತಗೊಂಡರೆ ಹೊಂದುತ್ತದೆಯೇ? (ಓದುಗರು, ಹುಬ್ಬಳ್ಳಿ)

ಟೇಪು ಹಿಡಿದು ಅಳೆದ ಮೇಲೆ ತಗೊಳ್ಳಿ. ನಮ್ಮ ಕಿಂಗ್ ಸೈಜ್ ಹಾಸಿಗೆ ಸಾಮಾನ್ಯವಾಗಿ 72 ಇಂಚು ಅಗಲ, 78 ಉದ್ದ. 75 ಉದ್ದದ್ದೂ ಸಿಗುತ್ತದೆ. ಯುರೋಪಿನ ಅಳತೆಯ ಮಂಚ 180 ಸೆಂ.ಮೀ. ಅಗಲ, 200 ಉದ್ದ. ಅಂದರೆ ಅಗಲ 71 ಇಂಚಿಗೂ ಚೂರು ಕಮ್ಮಿ. ನಮ್ಮ ಹಾಸಿಗೆ ಅದರಲ್ಲಿ ಒತ್ತಿ ಕೂತು ಅಂಚು ಮೇಲೇಳುತ್ತದೆ.

ಪ್ರಶ್ನೆ: ಬಂದ ವಾರ್ಡ್‌ರೋಬಿನ ಬಾಗಿಲು ಬಿರುಕು ಬಿಟ್ಟಿದೆ, ಬಣ್ಣವೂ ಬೇರೆ. ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬಿಲ್ಲಿನಲ್ಲೇ ಅಚ್ಚಾಗಿದೆ ಎನ್ನುತ್ತಾರೆ. (ಓದುಗರು, ದಾವಣಗೆರೆ)

ಅಚ್ಚಾಗಿದ್ದ ಮಾತ್ರಕ್ಕೆ ಕಾನೂನು ಆಗುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಇವತ್ತೇ ಫೋಟೊ ಸಮೇತ ಲಿಖಿತ ದೂರು ಕೊಡಿ, ಇಮೇಲ್ ಆದರೂ ಸರಿ. ಫೋನಿನಲ್ಲಿ ಮಾತಾಡಿ ದಿನ ದೂಡಿಸಿಕೊಳ್ಳಬೇಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಬೆಂಗಳೂರಿನದಾದರೂ ನೀವಿರುವ ದಾವಣಗೆರೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಇನ್ನೂ ಸಾಮಾನು ಬರಬೇಕಾದವರಿಗೆ: ಡೆಲಿವರಿ ಹುಡುಗರು ‘ಸೈನ್ ಹಾಕಿ, ಆಮೇಲೆ ಬಿಚ್ಚಿ’ ಎಂದರೆ ಒಪ್ಪಬೇಡಿ. ಪೆಟ್ಟಿಗೆ ಬಿಚ್ಚಿಸಿ, ಬಾಗಿಲು, ಕನ್ನಡಿ, ಮೂಲೆ ನೋಡಿ. ಒಡಕಿದ್ದರೆ ಅವರ ರಸೀತಿಯ ಮೇಲೇ ‘ಬಾಗಿಲು ಬಿರುಕು ಬಿಟ್ಟ ಸ್ಥಿತಿಯಲ್ಲಿ ಬಂದಿದೆ’ ಎಂದು ಬರೆದು, ಅದರ ಫೋಟೊ ತೆಗೆದುಕೊಂಡು, ಆಮೇಲೆ ಸಹಿ ಹಾಕಿ.