ಮಕ್ಕಳಿಂದ ಕಥೆಯ ಐಡಿಯಾ ಕೇಳಿದರೆ ಬರೀ ನೀತಿಕಥೆಗಳೇ ಬರುತ್ತಿವೆ, ಏನು ಮಾಡಲಿ?

ವಾರಕ್ಕೊಂದು ಆಡಿಯೋ ಕಥೆ ಮಾಡುತ್ತೀರಿ, ಮುಂದಿನ ಕಥೆಗೆ ಐಡಿಯಾ ಕಳಿಸಿ ಅಂತ ಮಕ್ಕಳನ್ನು ಕೇಳಿದಿರಿ, ಬಂದದ್ದೆಲ್ಲ ರಾಜ-ರಾಣಿ, ಟಿವಿ ಕಾರ್ಟೂನಿನ ನಕಲು, ಇಲ್ಲವೇ ಅಮ್ಮಂದಿರು ಬರೆದುಕೊಟ್ಟದ್ದು. ಇಷ್ಟೇ ಅಲ್ವಾ ನಿಮ್ಮ ತೊಂದರೆ? ನನಗೂ ಹೀಗೇ ಆಗಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳ ಜೊತೆ ಕೂರುತ್ತೇನೆ. ಮೊಬೈಲಿನಲ್ಲೇ ಕಥೆ ರೆಕಾರ್ಡ್ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಮೊದಲ ಸಲ "ಒಂದು ಒಳ್ಳೆ ಕಥೆ ಬರ್ಕೊಂಡು ಬನ್ನಿ" ಅಂದೆ. 23 ಹಾಳೆ ಬಂದವು. ಅದರಲ್ಲಿ 9 ಹಾಳೆಯಲ್ಲಿ ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕುತ್ತಿತ್ತು. ಉಳಿದವುಗಳ ಕೊನೆಗೆ "ಆದ್ದರಿಂದ ನಾವು" ಅಂತ ಒಂದು ಸಾಲು.

ತಪ್ಪು ಮಕ್ಕಳದ್ದಲ್ಲ. "ಕಥೆ" ಅಂದ ಕೂಡಲೇ ಅವರಿಗೆ ಪಾಠದ ಪುಸ್ತಕ ನೆನಪಾಗುತ್ತದೆ. "ಬರೆಯಿರಿ" ಅಂದರಂತೂ ಪರೀಕ್ಷೆಯೇ. ಅದಕ್ಕೇ ಈಗ ನಾನು ಕಥೆ ಕೇಳುವುದೇ ಇಲ್ಲ. ಸದ್ದು ಕೇಳಿಸುತ್ತೇನೆ.

ನಮ್ಮೂರ ಹಿಟ್ಟಿನ ಮಿಲ್ಲಿನ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು ಹೋಗಿ, ಏನೆಂದು ಹೇಳದೆ ಹಾಕಿದೆ. ಕೇಳಿದ್ದು ಎರಡೇ ಪ್ರಶ್ನೆ: ಇದು ಯಾರು? ಇದಕ್ಕೆ ಏನು ಬೇಕು? ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತಟ್ಟನೆ ಅಂದಳು, "ಅಕ್ಕ, ಅದು ರಾಗಿ ತಿಂದು ತೇಗ್ತಾ ಐತೆ. ಮೆಣಸಿನಕಾಯಿ ಹಾಕಿದ್ರೆ ಸೀನ್ತೈತೆ." ಅಲ್ಲಿಗೆ ಕಥೆ ಸಿಕ್ಕಿತು. ಮೆಣಸಿನಕಾಯಿ ಚೀಲ ಕಂಡರೆ ಹೆದರುವ ಮಿಲ್ಲು.

ಆಮೇಲೆ ನಾನೊಂದು ಎಡವಟ್ಟು ಮಾಡಿದೆ. ಮನೆಗೆ ಬಂದು ಅದನ್ನು "ಸರಿ" ಮಾಡಿದೆ. ಊರಿನವರೆಲ್ಲ ಸೇರಿ ಮಿಲ್ಲಿಗೆ ಸಮಾಧಾನ ಹೇಳುವ ಹಾಗೆ, ಮಿಲ್ಲು ಧೈರ್ಯ ತಂದುಕೊಳ್ಳುವ ಹಾಗೆ. ಮುಂದಿನ ಶನಿವಾರ ಕೇಳಿಸಿದರೆ ಹುಡುಗಿ ಮುಖ ಊದಿಸಿಕೊಂಡಳು. "ನಾನು ಹಿಂಗೆ ಹೇಳ್ಲಿಲ್ಲ." ಮತ್ತೆ ಹೇಗೆ? "ಕರೆಂಟ್ ಹೋಗ್ತೈತೆ. ಎಲ್ರೂ ಚೀಲ ಅಲ್ಲೇ ಬಿಟ್ಟು ಮನೆಗೆ ಹೋಗ್ತಾರೆ. ಅದು ಮಲಗ್ತೈತೆ."

ನೋಡಿ, ನನ್ನ ಮುಕ್ತಾಯಕ್ಕಿಂತ ಇದು ಎಷ್ಟೋ ಮೇಲು. ಆಡಿಯೋಗೆ ಹೇಳಿ ಮಾಡಿಸಿದ್ದು. ಗಡಗಡ ಸದ್ದು ನಿಧಾನವಾಗುತ್ತಾ ಬಂದು ನಿಲ್ಲುತ್ತದೆ, ಆಮೇಲೆ ಮೌನ. ಮಾತೇ ಬೇಡ. ಹಾಗೇ ಮತ್ತೆ ರೆಕಾರ್ಡ್ ಮಾಡಿದೆವು. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮಾತು ತೊದಲಿದರೆ ತಿದ್ದಬಹುದು, ಕಥೆಯಲ್ಲಿ ಏನು ನಡೆಯಿತು ಅನ್ನುವುದನ್ನು ಮಗುವನ್ನು ಕೇಳದೆ ಮುಟ್ಟುವ ಹಾಗಿಲ್ಲ.

ಇನ್ನೊಂದು ದಾರಿ, ಕಥೆಯನ್ನು ನಡುವೆಯೇ ನಿಲ್ಲಿಸುವುದು. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು, ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರೆಕಾರ್ಡಿಂಗ್ ಯಾರ ಹೂಂಗೂ ಕಾಯುವುದಿಲ್ಲ. ಕಾಯುವಂತೆ ನಾವೇ ಮಾಡಬೇಕು. 2000ದ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆ ರೇಡಿಯೋದಲ್ಲಿ ಬರುತ್ತಿದ್ದ 'ಚಿಣ್ಣರ ಚುಕ್ಕಿ'ಯಲ್ಲಿ ಪ್ರಶ್ನೆ ಕೇಳಿ, ಮಕ್ಕಳು ಉತ್ತರ ಕೊಡಲಿ ಅಂತ ಸ್ವಲ್ಪ ಬಿಡುವು ಕೊಡುತ್ತಿದ್ದರು. ಅದೇ ಉಪಾಯ. ಮಳೆಯಲ್ಲಿ ನೆನೆದ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿಯುವಲ್ಲಿಗೆ ನಿಲ್ಲಿಸಿ "ಗುಬ್ಬಕ್ಕ ಯಾಕೆ ಬಾಗಿಲು ತೆಗೀತಿಲ್ಲ?" ಅಂತ ಕೇಳಿದೆ. ಒಬ್ಬ ಹುಡುಗನ ಉತ್ತರ: "ಅದು ಬಾಡಿಗೆ ಮನೆ. ಜಾಸ್ತಿ ಜನ ಬಂದ್ರೆ ಓನರ್ ಬಯ್ತಾರೆ." ಇಂಥದ್ದು ನಮಗೆಲ್ಲಿ ಹೊಳೆಯುತ್ತದೆ!

ಐಡಿಯಾ ಬತ್ತಿದ ದಿನಕ್ಕೆ ಇಟಲಿಯ ಮಕ್ಕಳ ಬರಹಗಾರ ಜಾನಿ ರೊಡಾರಿ ಅವರ ಆಟವೊಂದಿದೆ. ಅವರೂ ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಸಂಬಂಧವೇ ಇಲ್ಲದ ಎರಡು ಪದ ತೆಗೆದುಕೊಂಡು ಜೋಡಿಸುವುದು. ಅವರ ಉದಾಹರಣೆ ನಾಯಿ ಮತ್ತು ಕಪಾಟು. ಕನ್ನಡದಲ್ಲಿ ಇದು ತುಂಬಾ ಸಲೀಸು, ವಿಭಕ್ತಿ ಬದಲಿಸುತ್ತಾ ಹೋದರೆ ಸಾಕು. ಕಪಾಟಿನಲ್ಲಿ ನಾಯಿ, ನಾಯಿಯ ಕಪಾಟು, ಕಪಾಟಿನಿಂದ ನಾಯಿ, ನಾಯಿಗೆ ಕಪಾಟು. ಒಂದೊಂದೂ ಬೇರೆ ಕಥೆ. ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿ ಬೇಸತ್ತ ಆರನೇ ಕ್ಲಾಸಿನವರು ಇದನ್ನು ಜಾಸ್ತಿ ಇಷ್ಟಪಡುತ್ತಾರೆ.

ಅಮ್ಮಂದಿರ ವಿಷಯ. ಬರಹ ಬೇಡ, ಒಂದು ನಿಮಿಷದೊಳಗಿನ ವಾಯ್ಸ್ ನೋಟ್ ಸಾಕು ಅನ್ನಿ. ಹಿಂದೆ "ಹೇಳು, ಹೇಳು, ಆಮೇಲೆ ಸಿಂಹ ಬಂತು" ಅಂತ ಪಿಸುಮಾತು ಕೇಳಿಸಿದರೆ ನಾನು ನಗುತ್ತಲೇ ಇನ್ನೊಮ್ಮೆ ಕೇಳುತ್ತೇನೆ, ಮಗು ಒಬ್ಬನೇ ಇದ್ದಾಗ. ಬಹುಮಾನ ಮಾತ್ರ ಇಡಬೇಡಿ. ಬಹುಮಾನ ಇಟ್ಟ ದಿನ ಕಥೆ ಬರೆಯುವವರು ದೊಡ್ಡವರೇ. ಅದರ ಬದಲು, ಕಳಿಸಿದ ಪ್ರತಿ ಮಗುವಿಗೂ ಹತ್ತು ಸೆಕೆಂಡಿನ ಉತ್ತರ ಕಳಿಸಿ. "ಚೆನ್ನಾಗಿದೆ ಪುಟ್ಟ" ಅಂದರೆ ಸಾಲದು. "ನಿನ್ನ ಆಮೆ ಬಸ್ ಪಾಸ್ ಯಾಕೆ ಕಳ್ಕೊಳ್ತು?" ಅಂತ ಕೇಳಿ. ಎರಡನೇ ನೋಟ್ ತಾನಾಗೇ ಬರುತ್ತದೆ, ಅದೇ ಹೆಚ್ಚು ಚೆನ್ನಾಗಿರುತ್ತದೆ.

ಅಪ್ಪ-ಅಮ್ಮನ ಒಪ್ಪಿಗೆ ಬರಹದಲ್ಲೇ ತೆಗೆದುಕೊಳ್ಳಿ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತಿದೆ. ಕಾಯ್ದೆ ಒತ್ತಟ್ಟಿಗಿರಲಿ, ಶಾಲೆಯ ಹೆಸರು, ಮನೆಯ ಗುರುತು ಹೇಳದಿರುವುದೇ ಒಳ್ಳೆಯದು. ಕಥೆಯ ಕೊನೆಗೆ ಮಗುವಿನ ಹೆಸರು ಅಥವಾ ಮಗುವೇ ಇಟ್ಟುಕೊಂಡ ಹೆಸರು ಹೇಳಿದರೆ ಅದಕ್ಕೆ ಹಬ್ಬ. ನಮ್ಮಲ್ಲೊಬ್ಬ "ಟೊಮ್ಯಾಟೋ ಮಾಮ" ಇದ್ದಾನೆ, ವಯಸ್ಸು ಏಳು.

ಮೊದಲ ವಾರ ಕುಕ್ಕರ್ ಸೀಟಿಯಿಂದಲೋ ಬೋರ್‌ವೆಲ್ ಮೋಟರಿನಿಂದಲೋ ಶುರು ಮಾಡಿ. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ. ಗುಂಪಿಗೆ ಕಳಿಸುವ ಮುಂಚೆ ಫೈಲಿನ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ. ನಾನು ಎರಡನೇ ಸಲ "ಯಾರು ಇದು, ಗೊತ್ತಾ?" ಅಂತ ಕೇಳಿ ಕಳಿಸಿದ ಸದ್ದಿನ ಫೈಲಿಗೆ 'ಬಾವಿ ರಾಟೆ' ಅಂತಲೇ ಹೆಸರಿತ್ತು.