ಎಲ್ಲದಕ್ಕೂ 200 ಕೊಟ್ಟರೆ ಬೋರ್ಡಿಗೆ ಏನು ತಿಳಿಯಬೇಕು?

ಸರ್, ಹೊಲದ ಸೆನ್ಸರ್ ರೀಡಿಂಗ್ ತಗೊಳ್ಳೋ ಸರ್ವರ್ ಬರೆಯುತ್ತಿದ್ದೀರಿ, ಸರಿಯಾದರೂ ತಪ್ಪಾದರೂ 200 (ಎಚ್‌ಟಿಟಿಪಿಯಲ್ಲಿ, ಅಂದರೆ ವೆಬ್ ಸರ್ವರ್ ಉತ್ತರ ಕೊಡೋ ಪದ್ಧತಿಯಲ್ಲಿ, "ಸರಿಯಾಯ್ತು" ಅನ್ನೋ ಸ್ಟೇಟಸ್ ಕೋಡ್) ಕಳಿಸಿ, ಉತ್ತರದ ಒಳಗಿನ ವಿವರದಲ್ಲಿ, ಅಂದರೆ ಜೆಸನ್‌ನಲ್ಲಿ "ಎರರ್" ಅಂತ ಬರೆದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವನು.

ಬ್ಯಾಡಗಿ ಹತ್ತಿರ ನಮ್ಮ ಮಾವನವರ ಮೆಣಸಿನಕಾಯಿ ಹೊಲದಲ್ಲಿ ಮಣ್ಣಿನ ತೇವ ನೋಡೋಕೆ ಮೂರು ಇಎಸ್‌ಪಿ32 ಬೋರ್ಡ್ (ವೈಫೈ ಇರೋ ಚಿಕ್ಕ ಕಂಪ್ಯೂಟರ್) ಇಟ್ಟಿದ್ದೆ. ಸರ್ವರ್ ಅಂದರೆ ಹುಬ್ಬಳ್ಳಿ ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪ್. ಹೊಲದಲ್ಲಿ ನೆಟ್‌ವರ್ಕ್ ಬರುತ್ತೆ ಹೋಗುತ್ತೆ, ಅದಕ್ಕೇ ಬೋರ್ಡ್ ರೀಡಿಂಗ್‌ಗಳನ್ನು ಕೂಡಿಟ್ಟುಕೊಂಡು, 200 ಬಂದಮೇಲೆ ಅಳಿಸುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿನ ಡಿಸ್ಕ್ ತುಂಬಿತು. ಡೇಟಾಬೇಸಿಗೆ ಏನೂ ಸೇರಲಿಲ್ಲ. ನನ್ನ ಕೋಡ್ ಮಾತ್ರ ಸುಮ್ನೆ 200 ಕೊಡುತ್ತಾ ಒಳಗೆ "ಉಳಿಸಲು ಆಗಲಿಲ್ಲ" ಅಂತ ಬರೆಯುತ್ತಾ ಕೂತಿತ್ತು. ಬೋರ್ಡ್ ಒಳಗಿನದನ್ನು ಓದೋದೇ ಇಲ್ಲ. 200 ಕಂಡಿತು, ಅಳಿಸಿತು. ನಾಲ್ಕು ದಿನದ ರೀಡಿಂಗ್ ಹೋಯ್ತು. ಮಾವ ಫೋನ್ ಮಾಡಿ "ನೀರು ಬಿಡ್ಲೋ ಬ್ಯಾಡೋ" ಅಂತ ಕೇಳಿದಾಗಲೇ ನನಗೆ ಗೊತ್ತಾಗಿದ್ದು!

ಅವತ್ತು 500 ಕೊಟ್ಟಿದ್ದರೆ ಸಾಕಿತ್ತು.

5ರಿಂದ ಶುರುವಾದರೆ ತೊಂದರೆ ಸರ್ವರ್ ಕಡೆ, ರೀಡಿಂಗ್ ಇಟ್ಟುಕೊಂಡು ಆಮೇಲೆ ಕಳಿಸಬೇಕು. 4ರಿಂದ ಶುರುವಾದರೆ ಕಳಿಸಿದ್ದರಲ್ಲೇ ತಪ್ಪು, ಅದನ್ನೇ ನೂರು ಸಲ ಕಳಿಸಿದರೂ ಅಷ್ಟೇ. ಇಲ್ಲೊಂದು ಎಚ್ಚರ: ವೈರ್ ಸಡಿಲಾಗಿ ತೇವ ಮೈನಸ್ ಬಂತು, ನೀವು 400 ಕೊಟ್ಟಿರಿ ಅಂದುಕೊಳ್ಳಿ. ಬೋರ್ಡ್ ಆ ರೀಡಿಂಗನ್ನು ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಬೇಕು, ಇಲ್ಲಾಂದ್ರೆ ಹಿಂದಿನವೆಲ್ಲ ಸಾಲಿನಲ್ಲಿ ನಿಂತುಬಿಡುತ್ತವೆ. ಇಂಥ ತಪ್ಪು ರೀಡಿಂಗಿಗೆ 400ಓ 422ಓ ಅಂತ ಜನ ಜಾಸ್ತಿ ವಾದ ಮಾಡ್ತಾರೆ, ಯಾವುದೋ ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಬಳಸಿ. ಗೊತ್ತಿಲ್ಲದ ನಂಬರ್ ಬಂದರೆ ಮೊದಲ ಅಂಕಿ ನೋಡಿ 400 ಅಥವಾ 500 ಬಂದಂತೆಯೇ ನಡೆದುಕೊಳ್ಳಬೇಕು ಅಂತ ಎಚ್‌ಟಿಟಿಪಿಯ ನಿಯಮ ಬರೆದಿರೋ 2022ರ ಆರ್‌ಎಫ್‌ಸಿ 9110ರಲ್ಲೇ ಇದೆ, ಹಾಗಾಗಿ ಬೋರ್ಡಿನಲ್ಲಿ ಉದ್ದ ಪಟ್ಟಿ ಬೇಕಿಲ್ಲ.

ಆದರೆ 429 ("ತುಂಬಾ ಸಲ ಕಳಿಸ್ತಿದ್ದೀಯ") 4ರ ಗುಂಪಿನಲ್ಲಿದ್ದರೂ ಬೇರೆ, ಅದನ್ನು ಆಮೇಲೆ ಮತ್ತೆ ಕಳಿಸಬಹುದು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಎಲ್ಲ ಬೋರ್ಡೂ ಒಟ್ಟಿಗೆ ಎದ್ದು, ಕೂಡಿಟ್ಟಿದ್ದನ್ನೆಲ್ಲ ಒಂದೇ ಸಲ ಸುರಿಯುತ್ತವೆ ಅಲ್ವಾ? ಆಗ 429 ಕೊಟ್ಟು, ಜೊತೆಗೆ ರಿಟ್ರೈ-ಆಫ್ಟರ್ ಹೆಡರಿನಲ್ಲಿ 60 ಅಂತ ಹಾಕಿ, ಅರವತ್ತು ಸೆಕೆಂಡ್ ತಾಳು ಅಂತ. ಪ್ರತಿ ಬೋರ್ಡೂ ಅದರ ಮೇಲೆ ಹತ್ತಿಪ್ಪತ್ತು ಸೆಕೆಂಡ್, ಒಂದೊಂದೂ ಬೇರೆ ಬೇರೆಯಾಗಿ, ಸೇರಿಸಿಕೊಳ್ಳಲಿ. ಇಲ್ಲಾಂದ್ರೆ ಅರವತ್ತಕ್ಕೆ ಸರಿಯಾಗಿ ಮತ್ತೆ ಎಲ್ಲ ಒಟ್ಟಿಗೆ ಬರ್ತಾವೆ.

ಇನ್ನು 401ರ ಹೆಸರು ಅನ್‌ಆಥರೈಸ್ಡ್ ಅಂತಿದ್ದರೂ ಅರ್ಥ "ನೀನ್ಯಾರು, ಕೀ ತೋರಿಸು" ಅಂತ. 403 ಅಂದರೆ "ನೀನ್ಯಾರು ಗೊತ್ತು, ಆದರೆ ಪಕ್ಕದವರ ಹೊಲದ ಲೆಕ್ಕ ನಿನಗಿಲ್ಲ".

ರೀಡಿಂಗ್ ಸೇರಿ ಉತ್ತರ ದಾರಿಯಲ್ಲಿ ಕಳೆದರೆ ಬೋರ್ಡ್ ಅದನ್ನೇ ಮತ್ತೆ ಕಳಿಸುತ್ತೆ. ಪ್ರತಿ ರೀಡಿಂಗಿಗೂ ಒಂದು ಐಡಿ ಕೊಡಿ. ಹೊಸದಾದರೆ 201, ಮೊದಲೇ ಇದ್ದರೆ 200. ಎರಡಕ್ಕೂ ಬೋರ್ಡ್ ಅಳಿಸಲಿ. ಮೊದಲೇ ಇದ್ದರೆ 409 ("ಇರೋದರ ಜೊತೆ ತಿಕ್ಕಾಟ") ಕೊಡೋರೂ ಇದ್ದಾರೆ, ನನಗೆ ಅದು ಸುಮ್ನೆ ತಲೆನೋವು ಅನಿಸಿತು.

ಜೆಸನ್‌ನಲ್ಲಿ ವಿವರ ಬರೆಯೋದು ಬಿಡಬೇಡಿ, ಅದು ಲಾಗ್ ಓದೋ ನಿಮಗೆ ಬೇಕಾಗುತ್ತೆ. ಈಗ ನಿಮ್ಮ ಬೋರ್ಡ್ ಕೋಡಿನಲ್ಲಿ ಅಳಿಸೋ ಸಾಲು ಎಲ್ಲಿದೆ, ಅದರ ಮೇಲಿನ ಐದಾರು ಸಾಲು ಇಲ್ಲಿ ಹಾಕಿ, ನೋಡೋಣ.